ಒಂದು ಕಂಬಳಿ ಕಡಿಮೆ

ಎಮ್ಮೆದೊಡ್ಡಿ ಕಾವಲಿನ ದನಗಾಹಿ ಹೆಂಡತಿಯ ವಿಷಯದಲ್ಲಿ ಒಂದೇ ಮಾತು ಆಡುತ್ತಿದ್ದ: "ಇವ್ಳಿಗೆ ಬುದ್ಧಿ ಇಲ್ಲ ಕಣ್ ಸ್ವಾಮಿ."

ಅವನ ಕಂಬಳಿಯ ವಾಸನೆ ಇಲ್ಲದವರನ್ನು ಹೋರಿಗಳು ಹಾಯುತ್ತಿದ್ದವು. ಹಾಗಾಗಿ ಬುತ್ತಿ ತರುವಾಗ ಅವಳು ಅವನ ಹಳೆಯ ಕಂಬಳಿಯನ್ನೇ ಹೊದ್ದು ಬರುತ್ತಿದ್ದಳು. ಒಂದು ದಿನ ಕಾವಲಿನ ಹುಲ್ಲುಗಾವಲು ನೋಡಲು ಕಾಲೇಜಿನ ಕೋಟಿನಲ್ಲಿ ಅವಳ ಜೊತೆಗೆ ಹೊರಟ ನನಗೆ ಆ ಕಂಬಳಿಯನ್ನು ಹೊದಿಸಿದಳು.

ಹೋರಿ ಅವಳ ಮೇಲೆಯೇ ನುಗ್ಗಿತು. ಅವನು ಓಡಿಬಂದು ಅಡ್ಡ ನಿಂತ. ಅದು ಅವನ ಕಂಬಳಿ ಮೂಸಿ ಹಿಂದೆ ಸರಿಯಿತು. ಈಗಲೂ ಯಾರಾದರೂ ಬಾಗಿಲು ಬಡಿದರೆ ನನಗೆ ಗೊರಸಿನ ಸದ್ದು ಕೇಳುತ್ತದೆ.

"ಕಂಬ್ಳಿ ಎಲ್ಲೇ?"

"ಅವ್ರಿಗೆ ಕೊಟ್ಟೆ. ಆ ಹೋರಿಗೆ ಇನ್ನೂ ನನ್ ಗುರ್ತಿಲ್ವಾ?"

ಅವನು ತಾನು ಹೊದ್ದಿದ್ದನ್ನು ತೆಗೆದು ಅವಳಿಗೆ ಹೊದಿಸಿದ. ಬರಿಮೈಯಲ್ಲಿ ಹೋರಿಗಳ ನಡುವೆ ನಮ್ಮ ಮುಂದೆ ನಡೆಯುತ್ತಾ, ಹಿಂತಿರುಗಿ ನೋಡದೆ, "ಇವ್ಳಿಗೆ ಬುದ್ಧಿ ಇಲ್ಲ ಕಣ್ ಸ್ವಾಮಿ" ಎಂದ.