ವಾರಗಿತ್ತಿಯ ಇಪ್ಪತ್ತನೆಯ ಓಟು

ನನ್ನ ಮೈದುನನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗ ಇತ್ತು. ಧಾರವಾಡದಿಂದ ಲಂಡನ್ನಿಗೆ ನನಗಿಂತ ಎಂಟು ವರ್ಷ ತಡವಾಗಿ ಬಂದವಳು. ಟ್ಯೂಬ್ ರೈಲಿನಲ್ಲಿ ಎಲ್ಲಿ ಹತ್ತಿ ಎಲ್ಲಿ ಇಳಿಯಬೇಕೆಂದು ಕಲಿಸಿದವಳು ನಾನು. ಐದೇ ವರ್ಷದಲ್ಲಿ ನಮ್ಮ ಬಡಾವಣೆ ಕಿಂಗ್ಸ್‌ಬರಿಯ ಅರ್ಧ ಜನ ಅವಳನ್ನು ಕಂಡು ಕೈಬೀಸುತ್ತಿದ್ದರು. ಪಕ್ಕದಲ್ಲಿದ್ದ ನಾನು ಅವಳ ಕೈಚೀಲದಂತೆ ಕಾಣುತ್ತಿದ್ದೆನೇನೋ.

ರಾಜಕೀಯವಾದರೂ ನನ್ನದು ಅಂದುಕೊಂಡಿದ್ದೆ. ತೊಂಬತ್ತರ ದಶಕದಿಂದ ನಮ್ಮ ಪಕ್ಷದ ಕರಪತ್ರಗಳನ್ನು ಮನೆಮನೆಗೆ ಹಂಚಿದ್ದೇನೆ. ಬಾಗಿಲಿನ ಟಪಾಲು ಕಿಂಡಿಯಲ್ಲಿ ನಾಯಿ ಬೆರಳು ಕಚ್ಚಿದರೂ ಬಿಟ್ಟಿಲ್ಲ. ಕೌನ್ಸಿಲ್ ಚುನಾವಣೆಗೆ ನೀವು ನಿಲ್ಲುತ್ತೀರಾ ಎಂದು ಒಬ್ಬರೂ ಕೇಳಲಿಲ್ಲ. ಅವಳು ಎದುರು ಪಕ್ಷ ಸೇರಿ ಎರಡು ವರ್ಷ ಆಗಿರಲಿಲ್ಲ, ನಮ್ಮ ವಾರ್ಡಿಗೆ ಆ ಪಕ್ಷದ ಅಭ್ಯರ್ಥಿಯಾಗಲು ಹೊರಟ ಮೂವರಲ್ಲಿ ಒಬ್ಬಳಾದಳು.

ಆ ಸಲ ಆ ಪಕ್ಷದವರು ಹೊಸದೊಂದು ಪದ್ಧತಿ ಮಾಡಿದ್ದರು. ಅಭ್ಯರ್ಥಿಯನ್ನು ಆರಿಸಲು ಶನಿವಾರ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಸಭೆ; ವಾರ್ಡಿನ ಯಾರು ಬೇಕಾದರೂ, ಯಾವ ಪಕ್ಷದವರಾದರೂ ಬಂದು ಓಟು ಹಾಕಬಹುದು. ನಮ್ಮ ಪಕ್ಷದ ಕಾರ್ಯದರ್ಶಿ, ಒಬ್ಬ ನಿವೃತ್ತ ಮೇಷ್ಟರು, ನನ್ನನ್ನು ಕರೆದು ಉಪಾಯ ಹೇಳಿಕೊಟ್ಟರು. ಆ ಮೂವರಲ್ಲಿ ಹಲ್ಲಿನ ಡಾಕ್ಟರು ಆಯ್ಕೆಯಾದರೆ ನಮಗೆ ಕಷ್ಟ. ನಿಮ್ಮ ವಾರಗಿತ್ತಿಯಾದರೆ ಸುಲಭವಾಗಿ ಸೋಲಿಸಬಹುದು. ಹೋಗಿ ಅವಳಿಗೇ ಓಟು ಹಾಕಿ ಬನ್ನಿ. ಅವಳು ಕೈಲಾಗದವಳೆಂದು ಇನ್ನೊಬ್ಬರ ಬಾಯಿಂದ ಕೇಳಿದ ಖುಷಿಗೆ ಮನೆಯವರೆಗೂ ಗುನುಗುತ್ತ ನಡೆದೆ.

ಹಾಲ್‌ನ ಬಾಗಿಲಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನೀ ಬರ್ತಿ ಅಂತ ನನಗ ಗೊತ್ತಿತ್ತು. ನಿನ್ನ ಹಿಡಿದು ನನ್ನ ಕಡೆ ಇಪ್ಪತ್ತು ಮಂದಿ ಆದ್ರ ನೋಡು."

ಆಮೇಲೆ ಮಾತಾಡಿದಳು. ಬಸ್ ಸ್ಟಾಪಿನಲ್ಲಿ ಬೆಂಚಿಲ್ಲದೆ ಮುದುಕಿಯರು ಯಾರದೋ ಕಾಂಪೌಂಡ್ ಗೋಡೆಗೆ ಒರಗಿ ನಿಲ್ಲುವುದನ್ನು ಹೇಳಿದಳು. ಅದು ನನ್ನ ಮಾತು! ಅವಳ ಅಡುಗೆಮನೆಯಲ್ಲಿ ಕೂತು ನಾನೇ ಹೇಳಿದ್ದು. ನನ್ನ ಬಾಯಲ್ಲಿ ಗೊಣಗಾಟವಾಗಿದ್ದದ್ದು ಅವಳ ಬಾಯಲ್ಲಿ ಭಾಷಣವಾಯಿತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಕೈಲಾಗದವಳಂತೆ, ಯಾರು ಹೇಳಿದ್ದು?

ಚೀಟಿ ಕೈಗೆ ಬಂತು. ಅವಳ ಹೆಸರಿನ ಮುಂದೆ ಗುರುತು ಹಾಕಿದರೆ ಪಕ್ಷದ ಮಾತು ನಡೆಸಿದಂತೆ, ಅವಳಿಗೂ ಸಂತೋಷ. ನನ್ನ ಕೈಯಿಂದ ಆಗಲಿಲ್ಲ. ಹಲ್ಲಿನ ಡಾಕ್ಟರಿಗೆ ಹಾಕಿದೆ.

ಡಾಕ್ಟರಿಗೆ ಇಪ್ಪತ್ತು, ಅವಳಿಗೆ ಹತ್ತೊಂಬತ್ತು. ಸೋತವಳಿಗೂ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅದನ್ನು ಕಂಡೂ ನನ್ನ ಹೊಟ್ಟೆ ಉರಿಯಿತು.

ಹೊರಗೆ ಬಂದು ಅವಳು ತನ್ನವರನ್ನು ಬೆರಳು ಮಡಚಿ ಎಣಿಸಿದಳು. ನಿಲ್ಲುವುದು ಬೇಡವೆಂದು ಮೊದಲಿನಿಂದ ಗೊಣಗಿದ್ದವನು ಆ ಇಪ್ಪತ್ತರಲ್ಲಿ ಒಬ್ಬನೇ, ನನ್ನ ಮೈದುನ. ಅವಳು ನನ್ನ ಹೆಗಲಿಗೆ ತಲೆಯಿಟ್ಟಳು.

"ಬ್ಯಾರೆ ಪಾರ್ಟಿಯಾಕಿ ಇದ್ರೂ ನೀ ನನಗ ಹಾಕಿದಿ, ಅಕ್ಕಾ. ಕಟಗೊಂಡ ಗಂಡನೇ ಕೈಕೊಟ್ಟ."

ನಾನು ಅವಳ ಬೆನ್ನು ಸವರಿದೆ.

ಚುನಾವಣೆಯಲ್ಲಿ ಡಾಕ್ಟರು ನಮ್ಮನ್ನು ಸೋಲಿಸಿದರು. ನೀವು ನಿಮ್ಮ ಕೆಲಸ ಮಾಡಿದಿರಿ ಎಂದು ಕಾರ್ಯದರ್ಶಿ ನನಗೇ ಸಮಾಧಾನ ಹೇಳಿದರು. ಅವಳು ಮತ್ತೆಂದೂ ಯಾವುದಕ್ಕೂ ನಿಲ್ಲಲಿಲ್ಲ. ಗಂಡನೊಡನೆ ಎಷ್ಟು ಬೇಕೋ ಅಷ್ಟೇ ಮಾತು.

ಒಂದು ದಿನ ಮೈದುನ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ. ಮುಖ ಇಳಿದುಹೋಗಿತ್ತು.

"ವೈನಿ, ನಮ್ಮವ್ವನ ಆಣಿ, ನಾ ಆಕಿಗೇ ಹಾಕೀನಿ. ನನ್ನ ಮಾತು ನಂಬವಲ್ಲಳು. ನಿಮ್ಮ ಮಾತು ಕೇಳ್ತಾಳ, ನೀವರ ಹೇಳ್ರಿ."

"ಹೋಗ್ಲಿ ಬಿಡಪಾ, ಆಗಿದ್ದು ಆಗಿಹೋತು" ಎಂದೆ. ದೊಡ್ಡ ಮನಸ್ಸಿನಿಂದ ಅವನನ್ನು ಕ್ಷಮಿಸಿದವಳ ಹಾಗೆ ಒಂದು ಕಪ್ ಚಹಾ ಮಾಡಿ ಮುಂದಿಟ್ಟೆ.