ಹತ್ತು ನಿಮಿಷ ಬೇಗ ಬೆಳಗಿದ ನಕ್ಷತ್ರ

ಬೈರಿದೇವರಕೊಪ್ಪದಲ್ಲಿ ಧಾರವಾಡದ ಬಸ್ ಹತ್ತಿದಾಗ ಬೆಳಗಿನ ಎಂಟೂವರೆ. ಸುರಿಯಲೂ ಒಲ್ಲದ, ಸರಿಯಲೂ ಒಲ್ಲದ ಮೋಡ. ಕಿಟಕಿ ಪಕ್ಕದ ಸೀಟು ಸಿಕ್ಕರೂ ಖುಷಿಯಾಗಲಿಲ್ಲ. ಎಂಟು ವರ್ಷದ ದುಡಿಮೆ ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು ಹೊರಟಿದ್ದೆ.

ನನ್ನ ಪಿಎಚ್.ಡಿ. ನಿಂತಿರುವುದು ಒಂದೇ ನಕ್ಷತ್ರದ ಮೇಲೆ. ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲಿ ಸಾವಿರಾರು ಮುದಿ ನಕ್ಷತ್ರಗಳು ಉಂಡೆಗಟ್ಟಿದ ಗುಚ್ಛವಿದೆ. ಅದರಲ್ಲಿ ಕೆಲವು ಉಬ್ಬುತ್ತ ಕುಗ್ಗುತ್ತ, ಸುಮಾರು ಅರ್ಧ ದಿನಕ್ಕೊಮ್ಮೆ ಬೆಳಗಿ ಮಂಕಾಗುತ್ತವೆ. ಆ ಲಯ ತಪ್ಪಿದರೆ ನಕ್ಷತ್ರದ ಒಡಲಲ್ಲಿ ಏನೋ ಆಗಿದೆ ಎಂದರ್ಥ. ನನ್ನ ನಕ್ಷತ್ರ ಹನ್ನೆರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಹತ್ತು ನಿಮಿಷ ಬೇಗ ಬೆಳಗತೊಡಗಿತ್ತು. ಇದಕ್ಕೆ ಆಧಾರ, ನನ್ನ ಕಾಲೇಜಿನ ಮಾಸ್ತರು ಮಾಳಿಗೆಯ ದೂರದರ್ಶಕದಿಂದ ಮೂವತ್ತು ವರ್ಷ ತೆಗೆದ ಚಿತ್ರಗಳು. ಪ್ರತಿ ಚಿತ್ರ ತೆಗೆದ ಹೊತ್ತನ್ನು ಅವರು ವಹಿಯಲ್ಲಿ ಬರೆದಿಡುತ್ತಿದ್ದರು; ಅದರಿಂದ ಇಳಿಸಿ ಕಳಿಸಿದ ಪಟ್ಟಿ ನನ್ನ ಬಳಿ ಇತ್ತು. "ಮೂಲ ವಹಿ ನೋಡಿಕೊಂಡು ಬಾ, ಆಮೇಲೆ ಸಹಿ" ಎಂದಿದ್ದರು ನನ್ನ ಮಾರ್ಗದರ್ಶಕರು. ಸಂಶಯಪಿಶಾಚಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಲಕಮನಹಳ್ಳಿಯಲ್ಲಿ ಇಳಿದು ಕಾರ್ಖಾನೆಗಳ ಶೆಡ್ಡು ದಾಟಿ ನಡೆದೆ. ಮಾಸ್ತರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ.

"ಬಾರವ್ವಾ. ನಿನ್ನ ನಕ್ಷತ್ರ ಆರಾಮ ಐತೇನು?" ಎಂದು ಕಾಲೆಳೆದರು. ಮಗಳು ಒಗ್ಗರಣೆ ಅವಲಕ್ಕಿ, ಚಹಾ ತಂದಿಟ್ಟು ಕೆಲಸಕ್ಕೆ ಹೋದಳು.

ವಹಿಗಳಲ್ಲಿ ನನ್ನ ನಕ್ಷತ್ರದ ಲೆಕ್ಕ ತಾಳೆಯಾಯಿತು. ಸಮಾಧಾನದಿಂದ ಹಾಗೇ ಪುಟ ತಿರುವಿದೆ. ನಾನೆಂದೂ ತರಿಸಿಕೊಳ್ಳದಿದ್ದ ಇನ್ನೊಂದು ನಕ್ಷತ್ರದ ಲೆಕ್ಕ ಅಲ್ಲಿತ್ತು. ಅದೂ ಅದೇ ತಿಂಗಳು, ಅದೇ ಹತ್ತು ನಿಮಿಷ ಬೇಗ ಬೆಳಗತೊಡಗಿತ್ತು. ಎರಡು ನಕ್ಷತ್ರಗಳು ಮಾತಾಡಿಕೊಂಡು ಬದಲಾಗುವುದಿಲ್ಲ. ಬದಲಾಗಿದ್ದು ಹೊತ್ತು ನೋಡಿದ ಗಡಿಯಾರವೇ ಇರಬೇಕು.

"ಸರ್, ಯಾವ ಗಡಿಯಾರ ನೋಡಿ ಬರೀತಿದ್ರಿ?"

"ಹಳೀ ಮನಿ ಪಡಸಾಲ್ಯಾಗಿಂದು. ನಮ್ಮನಿಯಾಕಿ ಅದನ್ನ ಹತ್ತು ನಿಮಿಷ ಮುಂದ ಇಡ್ತಿದ್ಳು, ನನಗ ಕಾಲೇಜಿನ ಬಸ್ ತಪ್ಪಬಾರ್ದು ಅಂತ."

ನಮ್ಮ ಕಡೆ ಯಾವ ಮನೆಯ ಗಡಿಯಾರ ನಿಜ ಹೇಳುತ್ತದೆ? ನಮ್ಮ ಮನೆಯದೂ ಮುಂದೆಯೇ ಓಡುತ್ತದೆ. ಆದರೂ ಎಂಟು ವರ್ಷದಲ್ಲಿ ಒಮ್ಮೆಯೂ ಇದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

"ಬರಿಯುವಾಗ ಆ ಹತ್ತು ನಿಮಿಷ ಕಳೀತಿದ್ರೇನ್ರಿ?"

"ಇಲ್ಲವ್ವಾ. ಎಲ್ಲಾದಕ್ಕೂ ಅಷ್ಟ ಕೂಡಿದ್ರ ಲಯ ಕೆಡೂದಿಲ್ಲಲ್ಲ."

ಖರೆ, ಕೆಡುವುದಿಲ್ಲ, ಗಡಿಯಾರ ಯಾರೂ ಮುಟ್ಟದಿದ್ದರೆ. "ಮತ್ತ ಅದನ್ನ ಯಾವಾಗ ಸರಿ ಮಾಡಿದ್ರಿ?"

ಮಾಸ್ತರು ಚಹಾದ ಕಪ್ಪು ಕೆಳಗಿಟ್ಟರು. "ಆಕಿ ಹೋದ ಮ್ಯಾಲೆ, ಹನ್ನೆರಡು ವರ್ಷಾತು. ಲಗೂ ನಡೀರಿ ಅನ್ನೋರು ಮನ್ಯಾಗ ಯಾರೂ ಉಳಿದಿರ್ಲಿಲ್ಲ." ಗಡಿಯಾರ ಹತ್ತು ನಿಮಿಷ ಹಿಂದೆ ಸರಿದ ದಿನದಿಂದ ವಹಿಯಲ್ಲಿ ನಕ್ಷತ್ರಗಳೆಲ್ಲ ಹತ್ತು ನಿಮಿಷ ಬೇಗ ಬೆಳಗಿದ್ದವು. ನನ್ನ ಮುಖ ನೋಡಿ ಅವರಿಗೂ ಅರ್ಥವಾಯಿತು. "ನಿನ್ನ ಕೆಲಸ ಕೆಡಿಸಿದ್ನೇನವ್ವಾ?"

"ಹೌದ್ರಿ ಸರ್," ಎಂದೆ. ಅವರ ಮೇಲೆ ಸಿಟ್ಟು ಬಂತು. ಮರುಕ್ಷಣವೇ ಆ ಸಿಟ್ಟಿಗೆ ನಾಚಿಕೆಯೂ ಆಯಿತು.

ನಾನು ತಂದಿದ್ದ ಗ್ರಾಫನ್ನು ಮಾಸ್ತರು ಕೈಗೆ ತೆಗೆದುಕೊಂಡರು. ಮೂವತ್ತು ವರ್ಷದ ಚುಕ್ಕೆಗಳು, ನಡುವೆ ಒಂದು ಕಡೆ, ಗಡಿಯಾರ ಸರಿ ಮಾಡಿದ ತಿಂಗಳಲ್ಲಿ, ಗೆರೆ ಕುಸಿದಿತ್ತು. "ಇದು ನಿನಗ ಇನ್ನ ಬ್ಯಾಡಂದ್ರ ನನ್ನ ಹತ್ರ ಇರ್ಲಿ," ಎಂದರು. ಕೊಟ್ಟೆ.

ಗೇಟು ಹಾಕುವಾಗ ತಿರುಗಿ ನೋಡಿದೆ. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಬಾಗಿಲಲ್ಲೇ ಕೂತಿದ್ದರು. ಗೆರೆ ಕುಸಿದಲ್ಲಿ ಬೆರಳಿತ್ತು.