‘ಆಗಿಬರಂಗಿಲ್ಲ’ ಎಂಬ ಮಾತು

ಇದನ್ನು ಬರೆಯಲೆಂದು ನಾಲ್ಕು ಸಲ ಕೂತಿದ್ದೇನೆ. ನಾಲ್ಕು ಸಲವೂ ಈ ಅಂಕಣಕ್ಕೆ ಬೇರೇನೋ ಬರೆದು ಕಳಿಸಿದ್ದೇನೆ. (ಹೋದ ವಾರ ಹುಣಸೆಹಣ್ಣಿನ ಬಗ್ಗೆ ಅಷ್ಟುದ್ದ ಕೊರೆದೆನಲ್ಲ, ಅದು ಇದರ ಬದಲಿಗೆ ಬಂದದ್ದು.)

ಈ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಮೊಮ್ಮಗಳನ್ನು ಹರಪನಹಳ್ಳಿಯಲ್ಲಿ ಕಾನ್ವೆಂಟಿಗೆ ಸೇರಿಸಲು ಹೋಗಿದ್ದೆವು. ಅರ್ಜಿ ತುಂಬುವ ಕೆಲಸ ನನ್ನದು. ಓದಿದ್ದು ಹೈಸ್ಕೂಲಾದರೂ ಅಕ್ಷರ ದುಂಡಗೆ ಎಂದು ಹೆಸರಿದೆ. ಹುಟ್ಟಿದ ತಾರೀಕು, ವಿಳಾಸ, ರಕ್ತದ ಗುಂಪು ಎಲ್ಲ ಆಯಿತು. ಆಮೇಲೊಂದು ಕಾಲಂ: ಮಗುವಿಗೆ ಒಗ್ಗದ ಆಹಾರವೇನಾದರೂ ಇದೆಯೇ?

ಪೆನ್ನು ನಿಂತಿತು.

‘ಇಲ್ಲ ಅಂತ ಬರೀರಿ ಮಾವ’ ಎಂದಳು ಸೊಸೆ. ನಾನು ಪೆನ್ನು ಅವಳತ್ತ ಸರಿಸಿದೆ. ಕೊನೆಗೆ ಅವಳೇ ಬರೆದಳು.

‘ಇಲ್ಲ’ ಎಂಬ ಆ ಎರಡಕ್ಷರವನ್ನು ನಾನು ಒಮ್ಮೆ ಒಂದು ಮಗುವಿಗೆ ಹೇಳಿದ್ದೆ.

ಬಿಸಿಯೂಟ ಆಗಿನ್ನೂ ಹೊಸತು. ನಾನು ನಮ್ಮೂರ ಶಾಲೆಯ ಉಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷ. ಅಡುಗೆಗೆ ಕೆಳಗಿನ ಕೇರಿಯ ಹೆಂಗಸೊಬ್ಬಳನ್ನು ಹಾಕಿದ್ದೆವು. ಮಕ್ಕಳು ‘ಅಡುಗಿ ಅಕ್ಕ’ ಎನ್ನುತ್ತಿದ್ದರು. ಮೊದಲ ವಾರ ಅರ್ಧಕ್ಕರ್ಧ ಮಕ್ಕಳು ತಾಟು ಮುಟ್ಟಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಒಬ್ಬಳಿಗೆ ಉಪವಾಸ. ಇನ್ನುಳಿದವರ ಕೈಯಲ್ಲಿ ಮನೆಯ ಡಬ್ಬಿ. ಕಾರಣ ಯಾರಿಗೆ ಗೊತ್ತಿರಲಿಲ್ಲ? ನಾನು ಮನೆಮನೆಗೆ ಹೋಗಿ ಜಗಳವಾಡಿದೆ. ಎಲ್ಲರೆದುರು ಅವಳ ಕೈಯಿಂದ ಬಡಿಸಿಕೊಂಡು ಉಂಡೆ. ತಿಂಗಳೊಳಗೆ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತರು.

ಜೀವಮಾನದಲ್ಲಿ ನಾನು ಹೆಮ್ಮೆಪಟ್ಟ ಕೆಲಸ ಅದೊಂದೇ. ಹೆಮ್ಮೆಯೇ ಕಣ್ಣು ಕಟ್ಟಿತು ಎಂದರೆ ನಂಬುತ್ತೀರಾ?

ಆ ಹೊತ್ತಿಗೆ ಬಂದಳು ಉಚ್ಚೆಂಗೆಮ್ಮ. ಹಡಗಲಿ ಕಡೆಯವರು, ಗಂಡ ಲೈನ್‌ಮನ್, ನಮ್ಮೂರಿಗೆ ವರ್ಗವಾಗಿತ್ತು. ಮಗಳು ಸುಮಾ, ಎರಡನೇ ಕ್ಲಾಸು.

‘ಸರ, ನನ್ನ ಮಗಳಿಗೆ ಶೇಂಗಾ ಆಗಿಬರಂಗಿಲ್ರಿ. ಅಡುಗಿಗೆ ಹಾಕಬ್ಯಾಡ್ರಿ.’

ಹೆಡ್ ಮಾಸ್ಟರು ನಕ್ಕರು. ‘ಶೇಂಗಾಪುಡಿ ಇಲ್ದ ಸಾರು ನಮ್ ಕಡಿ ಯಾರು ಉಣ್ತಾರವ್ವ? ನಿನ್ನ ಒಬ್ಬಾಕಿ ಮಗಳ ಸಲುವಾಗಿ ಎಲ್ಲಾರೂ ಸಪ್ಪಗ ಉಣ್ಣಬೇಕೇನು?’

‘ಹಂಗಾರ ಹಾಕಿದ ದಿನ ಹೇಳಿಕಳಸ್ರಿ. ಮನಿಯಿಂದ ಬುತ್ತಿ ಕೊಡ್ತೀನಿ.’

ಬುತ್ತಿ! ಆ ಮಾತು ಕೇಳಿದ್ದೇ ನನಗೆ ಎಲ್ಲ ತಿಳಿದುಹೋಯಿತು. (ಏನೂ ತಿಳಿದಿರಲಿಲ್ಲ.)

ನಮ್ಮ ಕಡೆ ‘ಆಗಿಬರಂಗಿಲ್ಲ’ ಎಂಬ ಮಾತಿಗೆ ಲೆಕ್ಕವಿಲ್ಲ. ಮಂಗಳವಾರ ಆಗಿಬರಂಗಿಲ್ಲ. ಕರಿ ಸೀರೆ ಆಗಿಬರಂಗಿಲ್ಲ. ಒಬ್ಬರ ಮನೆಗೆ ಬಾವಿ, ಇನ್ನೊಬ್ಬರ ಮನೆಗೆ ಸೊಸೆಯೇ ಆಗಿಬರಂಗಿಲ್ಲ! ಹೇಳಲಾಗದ್ದನ್ನೆಲ್ಲ ಆ ಮಾತಿನೊಳಗೆ ಮುಚ್ಚಿಡುತ್ತೇವೆ. ಇವಳಿಗೂ ಆಗಿಬರದ್ದು ಶೇಂಗಾ ಅಲ್ಲ, ಬಡಿಸುವ ಕೈ ಎಂದುಕೊಂಡೆ.

‘ದಾವಣಗೆರಿ ಡಾಕ್ಟ್ರು ಹೇಳ್ಯಾರ್ರಿ. ಒಂದು ಕಾಳು ಸಾಕಂತ.’

‘ಚೀಟಿ ಐತೇನು?’ ಎಂದೆ.

‘ಇಲ್ರಿ. ಬಾಯಿಲೆ ಹೇಳ್ಯಾರ.’

‘ಅಷ್ಟು ಅಂಜಿಕಿ ಇದ್ರ ಟಿ.ಸಿ. ತಗೊಂಡು ಹೋಗವ್ವ.’

ಅವಳು ನನ್ನ ಮುಖವನ್ನೇ ನೋಡಿದಳು. ‘ಎಲ್ಲಿಗೆ ಹೋಗ್ಲಿರಿ? ಎಲ್ಲಾ ಊರಾಗೂ ಶೇಂಗಾ ಐತಿ.’

ಆಮೇಲೆ ಆ ಹುಡುಗಿ ಒಂದು ಪದ್ಧತಿ ಮಾಡಿಕೊಂಡಳು. ತಾಟು ಹಿಡಿದು ಅಡುಗೆಯಾಕೆಯ ಮುಂದೆ ನಿಲ್ಲುವುದು. ಒಂದೇ ಮಾತು: ‘ಐತೇನು?’

‘ಇಲ್ಲ ಮಗಳ’ ಎಂದರೆ ಕೂತು ಉಣ್ಣುವಳು. (ಅದೇ ಕೈಯಿಂದ ಉಣ್ಣುತ್ತಿದ್ದಾಳಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.) ಕೆಲವು ದಿನ ಹತ್ತಿರವೇ ಬರುತ್ತಿರಲಿಲ್ಲ. ಮುಚ್ಚಳ ತೆಗೆಯುವ ಮೊದಲೇ ದೂರದ ಬೇವಿನಮರದ ಕೆಳಗೆ ನಿಂತು ಅಡುಗೆಕೋಣೆಯನ್ನೇ ದಿಟ್ಟಿಸುತ್ತಿದ್ದಳು. ಆ ದಿನ ಸಾರಿನಲ್ಲಿ ಶೇಂಗಾ ಇದ್ದೇ ಇರುತ್ತಿತ್ತು.

‘ಆಕಿಗೆ ಗಾಳ್ಯಾಗ ತಿಳಿತೈತ್ರಿ’ ಎಂದಳು ಅಡುಗೆಯಾಕೆ. ನನಗೆ ಮೈ ಜುಮ್ಮೆಂದಿತು. ಜುಮ್ಮೆಂದದ್ದಕ್ಕೇ ಸಿಟ್ಟೂ ಬಂತು. ಏಳು ವರ್ಷದ ಹುಡುಗಿಗೆ ಇಷ್ಟು ನಾಟಕ ಕಲಿಸಿದ್ದಾರಲ್ಲ ಎಂದು.

ಶೇಂಗಾ ಕೀಳುವ ಕಾಲ. ಊರ ಗಾಳಿಯಲ್ಲೆಲ್ಲ ಅದೇ ಧೂಳು, ಅದೇ ವಾಸನೆ. ಒಂದು ಮಧ್ಯಾಹ್ನ ನಾನು ಮನೆಯಿಂದ ಹುರಿದ ಶೇಂಗಾಪುಡಿ ಕಾಗದದಲ್ಲಿ ಕಟ್ಟಿಕೊಂಡು ಹೋದೆ. ಅಡುಗೆಯಾಕೆಯನ್ನು ‘ಒಂದು ಕೊಡ ನೀರು ತಾ’ ಎಂದು ಬೋರಿಗೆ ಕಳಿಸಿದೆ. ಬಡಿಸುವ ಬಕೆಟ್ಟಿನ ಸಾರಿಗೆ ಒಂದು ಹಿಡಿ ಹಾಕಿ ಕಲಕಿದೆ. ಹುಡುಗಿ ಉಣ್ಣಲಿ, ಏನೂ ಆಗದಿರಲಿ, ಆಮೇಲೆ ಊರ ಮುಂದೆ ಅವಳ ಅವ್ವನನ್ನು ಕೇಳುತ್ತೇನೆ ಎಂಬುದು ನನ್ನ ಲೆಕ್ಕ.

ಸುಮಾ ಬಂದಳು. ಸೌಟು ನನ್ನ ಕೈಯಲ್ಲಿತ್ತು.

‘ಐತೇನು?’

‘ಇಲ್ಲ.’

ಅವಳು ಕೂರಲಿಲ್ಲ. ಬೋರಿನ ಕಡೆ ನೋಡಿದಳು. ‘ಅಕ್ಕ ಎಲ್ಲಿ?’

‘ಬರ್ತಾಳ. ನಾನು ಹೇಳ್ತೀನಲ್ಲ, ಇಲ್ಲ. ಉಣ್ಣು.’

ಉಂಡಳು. ದೊಡ್ಡವರು ಹೇಳಿದರೆ ಮಕ್ಕಳು ಇನ್ನೇನು ಮಾಡುತ್ತಾರೆ?

ನಾಲ್ಕೈದು ನಿಮಿಷ ಏನೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಅವಳ ಕೈ ಕೊರಳಿಗೆ ಹೋಯಿತು. ಅಳಲಿಲ್ಲ, ಕೂಗಲಿಲ್ಲ. ತುಟಿ ದಪ್ಪವಾಯಿತು. ರೆಪ್ಪೆಗಳು ಊದಿದವು. ನಾನು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಅಲ್ಲಿ ಕೂತಿದ್ದದ್ದು ಆ ಹುಡುಗಿಯ ಮುಖವೇ ಅಲ್ಲ. ಕಣ್ಣಿದ್ದ ಕಡೆ ಎರಡು ಗೆರೆ. ಆ ಗೆರೆಗಳು ನನ್ನತ್ತ ತಿರುಗಿದವು. ಒಳಗಿನಿಂದ ಒಂದು ದನಿ ಬಂತು. ಮುದುಕಿಯ ದನಿ, ಒಡಕು.

‘ಐತಿ.’

ಸಾಲು ಸಾಲು ಮಕ್ಕಳು. ಎಲ್ಲರ ಕೈಯ ತುತ್ತು ಮತ್ತೆ ತಾಟಿಗೆ ಬಿತ್ತು.

‘ಮೈಮ್ಯಾಲ ಬಂದಾಳ!’ ಎಂದು ಯಾರೋ ಚೀರಿದರು. ಓಣಿಯ ಹೆಂಗಸರು ಓಡಿ ಬಂದರು. ಒಬ್ಬಳು ಹಣೆಗೆ ಭಂಡಾರ ಬಳಿದಳು, ಒಬ್ಬಳು ಬೇವಿನ ಸೊಪ್ಪು ತಂದಳು. ‘ಯಾವ ತಾಯಿ ನೀನು? ಏನು ತಪ್ಪಾಗೈತಿ ಹೇಳವ್ವ!’ ಹೆಡ್ ಮಾಸ್ಟರು ಚಪ್ಪಲಿ ಬಿಟ್ಟು ನಿಂತರು. ಮಗುವಿನ ಎದೆ ಮಾತ್ರ ತಿದಿಯ ಹಾಗೆ ಎಳೆಯುತ್ತಿತ್ತು.

ನಾನು? ಪುಡಿ ಕಟ್ಟಿದ ಕಾಗದ ನನ್ನ ಜೇಬಿನಲ್ಲಿತ್ತು. ತಪ್ಪೇನೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ಎಲ್ಲರ ಜೊತೆ ಕೈಮುಗಿದು ನಿಂತೆ. ಯಾಕೆಂದರೆ ಆ ಗಳಿಗೆಯಲ್ಲಿ ನಾನೂ ನಂಬಿದ್ದೆ.

ಕೊಡ ಬಿದ್ದ ಸದ್ದಾಯಿತು. ಅಡುಗೆಯಾಕೆ ಜನರನ್ನು ನೂಕಿಕೊಂಡು ಬಂದಳು. ‘ತಾಯಿ ಅಲ್ರೋ, ಉಸಿರು ಕಟ್ಟೈತಿ ಕೂಸಿಗೆ! ಸರೀರೋ ದೂರ!’ ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ, ಹೋಗುತ್ತಿದ್ದ ಟೆಂಪೋಕ್ಕೆ ಅಡ್ಡ ನಿಂತಳು. ಹರಪನಹಳ್ಳಿಯ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು. ಹುಡುಗಿ ಬದುಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದರಂತೆ ಡಾಕ್ಟರು. ಆ ಮಾತನ್ನು ಅವರು ಪೂರ್ತಿ ಮಾಡಲಿಲ್ಲವಂತೆ.

ಮರುದಿನ ಶಾಲೆಯಲ್ಲಿ ಸಭೆ. ಉಚ್ಚೆಂಗೆಮ್ಮ ಕೇಳಿದ್ದು ಒಂದೇ: ‘ಹಾಕಿದವರು ಯಾರು?’

ಎಲ್ಲರ ಕಣ್ಣೂ ಅಡುಗೆಯಾಕೆಯ ಮೇಲೆ. ‘ತನ್ನ ಕೈ ಊಟ ಬ್ಯಾಡಂದ್ರು ಅಂತ ಸೇಡು ತೀರಿಸ್ಯಾಳ’ ಎಂದಿತು ಒಂದು ಬಾಯಿ. ಹತ್ತು ಬಾಯಿ ಹೌದು ಎಂದವು.

‘ಆಕಿ ಅಲ್ರಿ!’ ಎಂದು ಉಚ್ಚೆಂಗೆಮ್ಮ ಕೂಗಿದಳು. ‘ನನ್ನ ಮಗಳಿಗೆ ಅಂತ ಬ್ಯಾರೆ ಸೌಟು ತೊಳದು ಇಡ್ತಿದ್ಲು. ಆಕಿ ಒಬ್ಬಾಕಿನ್ನ ನಂಬಿ ಸಾಲಿಗೆ ಕಳಸ್ತಿದ್ದೆ.’

ಬೇರೆ ಸೌಟು. ಅಧ್ಯಕ್ಷನಾದ ನನಗೆ ಅದು ಅವತ್ತು ಗೊತ್ತಾಯಿತು. ಬುತ್ತಿ ಎಂದರೆ ಬರೀ ಬುತ್ತಿ, ಶೇಂಗಾ ಎಂದರೆ ಬರೀ ಶೇಂಗಾ ಎಂಬುದೂ.

ಅಡುಗೆಯಾಕೆ ನನ್ನತ್ತ ನೋಡಿದಳು. ತನ್ನನ್ನು ನೀರಿಗೆ ಕಳಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ, ಎಲ್ಲರೆದುರು ಅವಳ ಕೈಯಿಂದ ಉಂಡ ದೊಡ್ಡ ಮನುಷ್ಯನ ಮೇಲಿನ ದೂರನ್ನು ಯಾರು ನಂಬುತ್ತಿದ್ದರು? ನಾನು ಠರಾವು ಪುಸ್ತಕ ಎಳೆದುಕೊಂಡು ದುಂಡಗೆ ಬರೆದೆ: ಅಡುಗೆಯವರನ್ನು ಕೆಲಸದಿಂದ ಬಿಡಿಸಲಾಗಿದೆ.

ಮುಂದಿನ ವಾರ ಮೇಲಿನ ಕೇರಿಯ ಹೆಂಗಸು ಬಂದಳು. ಊರಿಗೆ ಸಮಾಧಾನವಾಯಿತು. ಎಷ್ಟು ಬೇಗ ಆಯಿತು, ಗೊತ್ತೇ!

ಉಚ್ಚೆಂಗೆಮ್ಮನ ಹತ್ತಿರ ಎರಡು ವರ್ಷ ಬಿಟ್ಟು ಎಲ್ಲ ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿದಳು, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. ಸುಮಾಳಿಗೂ ತಪ್ಪಾಯಿತು ಎಂದೆ. ‘ನನಗ ನೆನಪಿಲ್ರಿ ಅಜ್ಜ’ ಎಂದಳು. ಹೇಳುತ್ತಲೇ ಎರಡು ಹೆಜ್ಜೆ ಹಿಂದೆ ಸರಿದಳು.

ಅಡುಗೆಯಾಕೆ ಕೊಟ್ಟೂರಿನ ತಂಗಿಯ ಮನೆ ಸೇರಿದ್ದಳು. ಮೂರು ಸಲ ಅಲ್ಲಿಗೆ ಬಸ್ಸು ಹತ್ತಿದ್ದೇನೆ. ಮೂರನೆಯ ಸಲ ಬಸ್‌ಸ್ಟ್ಯಾಂಡಿನಲ್ಲೇ ಅವಳ ಬೆನ್ನು ಕಂಡಿತು. ನಾನು ಕರೆಯಲಿಲ್ಲ. ಆದರೂ ಅವಳು ನಡೆಯುತ್ತಿದ್ದವಳು ನಿಂತಳು. ತಿರುಗಲಿಲ್ಲ. ಹಿಂದಿನವನು ಏನು ಹೇಳುತ್ತಾನೋ ಕೇಳೋಣ ಎನ್ನುವ ಹಾಗೆ ಸುಮ್ಮನೆ ನಿಂತೇ ಇದ್ದಳು.

ನಾನು ಬಂದ ಬಸ್ಸನ್ನೇ ವಾಪಸ್ ಹತ್ತಿದೆ.

ಇನ್ನೂ ನಾನು ತಪ್ಪಾಯಿತು ಎನ್ನದ ಆ ಹೆಂಗಸಿನ ಹೆಸರು ಹಾಲವ್ವ.